ಒಮ್ದುರ್ಮಾನಿನ ಮೂರನೆಯ ನಾಣ್ಯ

17 ಜೂನ್ 1988, ಶುಕ್ರವಾರ

ಬೆಳಗಿನಿಂದ ಎರಡನೆಯ ನಾಣ್ಯ. ಸಣ್ಣ ಪೆನ್ನು ಮತ್ತೆ ಕಟ್ಟಿಕೊಂಡಿತು, ಬಿಸಿನೀರಿನಲ್ಲಿ ಅದ್ದಿಟ್ಟಿದ್ದೇನೆ. ಆಫೀಸಿನಲ್ಲಿ ವರ್ಷಗಟ್ಟಲೆ ನೀರಿನ ಪೈಪುಗಳ ನಕ್ಷೆ ಎಳೆದ ಕೈ. ನೇರ ಗೆರೆ ಗೊತ್ತು, ಅರಬ್ಬಿ ಅಕ್ಷರದ ಬಾಗು ಗೊತ್ತಿಲ್ಲ. ನಾಣ್ಯವನ್ನು ನಾಲ್ಕು ಪಟ್ಟು ಹಿಗ್ಗಿಸಿ ಬರೆಯಬೇಕು. ಸವೆದ ಕಡೆ ಸವೆದ ಹಾಗೆ. ಒಂದು ಗೆರೆಯೂ ನನ್ನದಾಗಿರಬಾರದು. ಬಾಬಿಕರ್ ಅವರ ಷರತ್ತು ಅದೊಂದೇ.

ಈ ಮನುಷ್ಯನ ಬಗ್ಗೆ ಇಲ್ಲಿ ಇದುವರೆಗೆ ಏನೂ ಬರೆದಿಲ್ಲ. ಸುಡಾನಿನವರು. ಇಲ್ಲಿ ಮಸ್ಕತ್‌ನ ಸರಕಾರಿ ಶಾಲೆಯಲ್ಲಿ ಚರಿತ್ರೆಯ ಮೇಷ್ಟ್ರು. ನಮ್ಮ ಎದುರಿನ ಕಟ್ಟಡದಲ್ಲಿ ಇನ್ನಿಬ್ಬರು ಮೇಷ್ಟ್ರುಗಳ ಜೊತೆ ವಾಸ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿದೆ. ಪರಿಚಯವಾದದ್ದು ಕೆಳಗಿನ ಕೆಫೆಟೇರಿಯಾದಲ್ಲಿ. ನನ್ನ ಕೈಯಲ್ಲಿದ್ದ ಪುಸ್ತಕ ಯಾವ ಭಾಷೆಯದು ಎಂದು ಕೇಳಿದರು. ಭಾಷೆ ಕನ್ನಡ, ಕಥೆ ರಷ್ಯದ್ದು ಎಂದೆ. ಅದೇ ಕಾದಂಬರಿಯನ್ನು ಅವರು ಅರಬ್ಬಿಯಲ್ಲಿ ಓದಿದ್ದರು. ನಾವಿಬ್ಬರೂ ಮೂಲವನ್ನು ಕಾಣದವರು. ಅಲ್ಲಿಂದ ಶುರು.

ಮಾತು ಇಂಗ್ಲಿಷಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುವಾಗ ಅವರಿಗೆ ಬಹುವಚನ, ಅವರಿಂದ ನನಗೆ ಏಕವಚನ. ವಯಸ್ಸಿಗೆ ಅದೇ ಸರಿ.

ಸಂಜೆ ಬಂದರು. ನಾಳೆ ಖಾರ್ತೂಮಿಗೆ ವಿಮಾನ, ವಾಪಸು ಸೆಪ್ಟೆಂಬರಿನಲ್ಲಿ. ಮೂರು ನಾಣ್ಯಗಳೂ ನಿನ್ನಲ್ಲೇ ಇರಲಿ, ನಿಧಾನವಾಗಿ ಬರೆ ಎಂದರು. ಗಂಟಲು ಮಾತ್ರೆಯ ತಗಡಿನ ಡಬ್ಬಿ, ಒಳಗೆ ಹತ್ತಿ. ನೂರು ವರ್ಷದ ಹಿಂದೆ ಸುಡಾನಿನಲ್ಲಿ ಮಹ್ದಿ ಎಂಬಾತ ಹೊರಗಿನ ಆಳ್ವಿಕೆಯನ್ನು ಓಡಿಸಿ ರಾಜ್ಯ ಕಟ್ಟಿದ, ಕಟ್ಟಿದ ವರ್ಷವೇ ತೀರಿಕೊಂಡ. ಅವನ ನಂತರ ಕೂತ ಖಲೀಫನ ಕಾಲದಲ್ಲಿ, ಖಾರ್ತೂಮಿನ ಎದುರು ದಡದ ಒಮ್ದುರ್ಮಾನಿನಲ್ಲಿ ಟಂಕಿಸಿದವು ಇವು. 1898ರಲ್ಲಿ ಬ್ರಿಟಿಷರ ಸೈನ್ಯ ಬಂತು, ಎಲ್ಲ ಮುಗಿಯಿತು.

"ಹದಿಮೂರು ವರ್ಷದ ರಾಜ್ಯ, ಬಾಲಾ. ನಾನು ಒಮಾನಿಗೆ ಬಂದು ಹದಿನಾಲ್ಕಾಯಿತು. ನಾನೂ ಒಂದು ನಾಣ್ಯ ಹಾಕಿಸಬಹುದಿತ್ತು."

ಈ ನಾಣ್ಯಗಳ ಬಗ್ಗೆ ಇಂಗ್ಲೆಂಡಿನ ಒಂದು ಪತ್ರಿಕೆಗೆ ಲೇಖನ ಬರೆಯುತ್ತಿದ್ದಾರೆ. ನನ್ನ ಚಿತ್ರಗಳು ಅದಕ್ಕೆ. ಮೂರನೆಯ ನಾಣ್ಯ ಮಾತ್ರ ಅವರ ಮನೆಯದೇ ಅಂತೆ, ಅದಕ್ಕೊಂದು ಕಥೆ ಇದೆ ಅಂತೆ. ಹೇಳಿ ಎಂದೆ.

"ಬಂದ ಮೇಲೆ. ಅದಕ್ಕೆ ಚಹಾ ಬೇಕು, ಪುರುಸೊತ್ತು ಬೇಕು."

ಒತ್ತಾಯಿಸಲಿಲ್ಲ. ಒತ್ತಾಯಿಸುವುದು ನನಗೆ ಬರುವುದಿಲ್ಲ.

9 ಜುಲೈ, ಶನಿವಾರ

ಅಮ್ಮ ಬಂದರು. ಮೈಸೂರಿನಿಂದ ಚಟ್ನಿಪುಡಿ, ಹುಣಸೆಹಣ್ಣು, ವಿಭೂತಿ, ನನಗೆ ಎರಡು ಪುಸ್ತಕ. ಏರ್‌ಪೋರ್ಟಿನಲ್ಲಿ ವಿಭೂತಿಯ ಪೊಟ್ಟಣ ಬಿಚ್ಚಿಸಿದರಂತೆ. "ಪುಡಿ ಏನು ಅಂತ ಕೇಳಿದ. ಬೂದಿ ಅಂದೆ. ಯಾರದ್ದು ಅಂತ ಕೇಳಿದ ಕಣೋ," ಎಂದು ದಾರಿಯುದ್ದಕ್ಕೂ ನಗು. ಮೂರು ತಿಂಗಳು ಇರುತ್ತಾರೆ. ಸೊಸೆ ಮಂಗಳಳಿಗೆ ಸ್ವಲ್ಪ ಆತಂಕ, ಅಡಿಗೆಮನೆಯ ಡಬ್ಬಗಳನ್ನೆಲ್ಲ ನಿನ್ನೆಯೇ ಒರೆಸಿಟ್ಟಿದ್ದಳು.

ಪುಸ್ತಕದಲ್ಲಿ ಒಂದು ಬಂಗಾಳಿಯಿಂದ ಬಂದದ್ದು, ಚೆನ್ನಾಗಿದೆ. ಇನ್ನೊಂದು ಫ್ರೆಂಚಿನಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ. ಪುಟಪುಟಕ್ಕೂ ಯಾರಾದರೊಬ್ಬರು ಭುಜ ಕುಣಿಸುತ್ತಾರೆ. ನಮ್ಮಲ್ಲಿ ಯಾರು ಭುಜ ಕುಣಿಸುತ್ತಾರೆ? ಸುಮ್ಮನಿರುತ್ತಾರೆ, ಅಷ್ಟೆ.

6 ಆಗಸ್ಟ್, ಶನಿವಾರ

ರೇಡಿಯೊದಲ್ಲಿ ಖಾರ್ತೂಮಿನ ಸುದ್ದಿ. ಒಂದೇ ರಾತ್ರಿಯಲ್ಲಿ ಭಾರಿ ಮಳೆ, ಊರೆಲ್ಲ ನೀರು. ಮಣ್ಣಿನ ಮನೆಗಳು ಕರಗಿ ಕೂತಿವೆಯಂತೆ. ಎದುರು ಕಟ್ಟಡದ ಮೇಷ್ಟ್ರುಗಳನ್ನು ವಿಚಾರಿಸಿದೆ. ಬಾಬಿಕರ್ ಕ್ಷೇಮ. ತಮ್ಮ ಉಸ್ಮಾನನ ಮನೆ ಬಿದ್ದಿದೆ, ಕುಟುಂಬ ಡೇರೆಯಲ್ಲಿ. ಈ ಉಸ್ಮಾನ್ ರೈಲ್ವೆಯ ಗೂಡ್ಸ್ ಆಫೀಸಿನಲ್ಲಿ ಗುಮಾಸ್ತ. ಬಾಬಿಕರ್ ಬಾಯಲ್ಲಿ ಅವನ ಹೆಸರು ಬಾರದ ದಿನವಿಲ್ಲ. ಇವರು ಓದಲೆಂದು ಅವನು ಓದು ಬಿಟ್ಟವನು.

ನಾಣ್ಯದ ಡಬ್ಬಿ ಇಲ್ಲಿರುವುದು ಒಳ್ಳೆಯದೇ ಆಯಿತು ಎಂದುಕೊಂಡೆ.

25 ಆಗಸ್ಟ್, ಗುರುವಾರ

ನಾಳೆ ವರಮಹಾಲಕ್ಷ್ಮಿ. ಅಮ್ಮ ಕುರ್ಚಿಯಲ್ಲಿ ಕೂತು ಹೇಳುವುದು, ಮಂಗಳ ಮಾಡುವುದು. ತೆಂಗಿನಕಾಯಿ ಸಿಕ್ಕಿತು, ಮಾವಿನೆಲೆ ಪಕ್ಕದ ವಿಲ್ಲಾದವರ ಮರದಿಂದ ಬಂತು. ಕಳಶಕ್ಕೆ ಬೆಳ್ಳಿ ರೂಪಾಯಿ ಇಲ್ಲ.

"ಊರಲ್ಲಿ ಲಾಕರ್‌ನಲ್ಲಿದೆ ಅತ್ತೆ. ಇಲ್ಲಿ ನೂರು ಬೈಸಾ ಬಿಲ್ಲೆ ಹಾಕ್ತೀನಿ."

"ಲಕ್ಷ್ಮಿಗೆ ಬೈಸಾನೇ? ಬಾಲೂ, ನಿನ್ನ ಮೇಜಿನ ಮೇಲೆ ಡಬ್ಬೀಲಿ ಬೆಳ್ಳಿ ಬಿಲ್ಲೆ ಇದೆಯಲ್ಲೋ. ಧೂಳು ಹೊಡೆಯುವಾಗ ನೋಡಿದೀನಿ."

"ಅದು ನಮ್ಮದಲ್ಲ ಅಮ್ಮ. ಅದರ ಮೇಲೆ ಅರಬ್ಬಿ ಅಕ್ಷರ ಇದೆ, ಖಲೀಫರ ಕಾಲದ್ದು."

"ಅವಳೇನು ಓದ್ಕೊಂಡು ಕೂರ್ತಾಳಾ? ನಿಮ್ಮಜ್ಜಿ ವಿಕ್ಟೋರಿಯಾ ರಾಣಿ ಬಿಲ್ಲೆ ಹಾಕ್ತಿದ್ರು. ಒಂದು ದಿನದ ಮಟ್ಟಿಗೆ ಕೊಡು. ಪೂಜೆ ಆದ್ಮೇಲೆ ತೊಗೊಂಡು ಇಟ್ಕೋ. ನಿನ್ನ ಸ್ನೇಹಿತರಿಗೂ ಒಳ್ಳೇದೇ ಆಗುತ್ತೆ. ಪಾಪ, ತಮ್ಮನ ಮನೆ ಬಿದ್ದುಹೋಗಿದೆ ಅಂತೀಯ."

ಮಂಗಳ ನನ್ನ ಮುಖ ನೋಡಿದಳು. ಬೇಡ ಎನ್ನಬಹುದಿತ್ತು. ಅಮ್ಮ ಮೊದಲ ಸಲ ಇಲ್ಲಿಗೆ ಬಂದದ್ದು, ಮತ್ತೆ ಬರುತ್ತಾರೋ ಇಲ್ಲವೋ.

ಮೂರನೆಯದನ್ನು ಕೊಟ್ಟೆ. ಮೂರರಲ್ಲಿ ಹೆಚ್ಚು ಸವೆದದ್ದು, ಕಪ್ಪಾದದ್ದು. ಅಲ್ಲಲ್ಲಿ ಕೆಂಪು ಛಾಯೆ, ಕೊಳೆ ಇರಬೇಕು. ಅದರ ಚಿತ್ರ ಇನ್ನೂ ಶುರುಮಾಡಿಲ್ಲ. ಹೆಚ್ಚುಕಡಿಮೆ ಆದರೂ ಇದಕ್ಕಾಗಲಿ, ಒಳ್ಳೆಯ ಎರಡು ಉಳಿಯಲಿ ಎಂಬ ಲೆಕ್ಕ.

26 ಆಗಸ್ಟ್, ಶುಕ್ರವಾರ

ಸ್ನಾನ ಮಾಡಿ ಬರುವಷ್ಟರಲ್ಲಿ ಅಡಿಗೆಮನೆಯಿಂದ ಅಮ್ಮನ ದನಿ.

"ಏನೋ ಇದು. ಬೆಳ್ಳಿ ಅಂದ್ಯಲ್ಲೋ."

ಹುಣಸೆಹುಳಿಯಲ್ಲಿ ನೆನೆಹಾಕಿದ್ದರಂತೆ. ಬೆಳಿಗ್ಗೆ ವಿಭೂತಿ ಹಾಕಿ, ದೀಪ ಬೆಳಗುವ ಹಾಗೆ ಉಜ್ಜಿದ್ದಾರೆ. ಅವರ ಅಂಗೈಯಲ್ಲಿ ಇದ್ದದ್ದು ತಾಮ್ರದ ಬಿಲ್ಲೆ. ಕೆಂಪಗೆ, ಹೊಸ ತಂಬಿಗೆಯ ಹಾಗೆ. ಅಕ್ಷರಗಳ ಸಂದಿಯಲ್ಲಿ ಮಾತ್ರ ಬೂದುಬಣ್ಣದ ಸಣ್ಣ ಗೆರೆ ಉಳಿದಿತ್ತು.

"ನಿನ್ನ ಸ್ನೇಹಿತರಿಗೆ ಯಾರೋ ಟೋಪಿ ಹಾಕಿದಾರೆ ಬಾಲೂ. ಮೇಲೆ ಕಲಾಯಿ, ಒಳಗೆ ತಾಮ್ರ. ಪಾಪ, ಮೇಷ್ಟ್ರು."

ಕೊನೆಗೆ ಕಳಶಕ್ಕೆ ಬೈಸಾ ಬಿಲ್ಲೆಯೇ. ಪೂಜೆ ಆಯಿತು. ಒಬ್ಬಟ್ಟು ಚೆನ್ನಾಗಿತ್ತು, ರುಚಿ ಗೊತ್ತಾಗಲಿಲ್ಲ.

30 ಆಗಸ್ಟ್

ಲೆನ್ಸ್ ಇಟ್ಟು ಮತ್ತೆ ಮತ್ತೆ ನೋಡಿದೆ. ಮೊದಲನೆಯದು ಅಚ್ಚ ಬೆಳ್ಳಿ, ಎರಡನೆಯದು ಕಡಿಮೆ ಬೆಳ್ಳಿ, ಆದರೂ ಬೆಳ್ಳಿ. ಇದು ಖೋಟಾ. ಅಮ್ಮ ಹೇಳಿದ್ದೇ ಸರಿ. ಬಾಬಿಕರ್ ಮನೆಯವರು ಅಸಲಿ ಎಂದು ನಂಬಿ ಇಟ್ಟುಕೊಂಡ ಖೋಟಾ ನಾಣ್ಯ.

ಮಂಗಳ: "ಬಂದ ತಕ್ಷಣ ಹೇಳಿಬಿಡಿ. ತೊಳೆದ್ವಿ, ಹೀಗಾಯ್ತು ಅಂತ."

"ತೊಳೆದದ್ದನ್ನು ಹೇಳಬಹುದು. ನಿಮ್ಮ ಮನೆಯ ನಾಣ್ಯ ಖೋಟಾ ಅಂತ ಹೇಗೆ ಹೇಳೋದು? ತಮ್ಮನ ಮನೆ ಬಿದ್ದ ವರ್ಷ."

"ಅದು ನೀವು ಹೇಳಬೇಕಾದ್ದಲ್ಲ. ನೋಡಿದರೆ ಅವರಿಗೇ ಗೊತ್ತಾಗುತ್ತೆ."

ಅದೇ ನನಗೆ ಬೇಡವಾದದ್ದು. ಗೊತ್ತಾಗಬಾರದು. ಮೊದಲಿದ್ದ ಹಾಗೆ ಮಾಡಿಸಿ ಇಟ್ಟುಬಿಟ್ಟರೆ ಯಾರಿಗೂ ನೋವಿಲ್ಲ.

1 ಸೆಪ್ಟೆಂಬರ್, ಗುರುವಾರ

ಮತ್ರಾಕ್ಕೆ ಹೋದೆ. ಅಲ್ಲಿನ ಸೂಕು ಎಂಬ ಹಳೆ ಪೇಟೆಯ ಹಿಂದಿನ ಓಣಿಯಲ್ಲಿ ಇಸುಬು ಎಂಬವನ ಪಾಲಿಶ್ ಅಂಗಡಿ. ಬಂಟ್ವಾಳದ ಕಡೆಯವನು. ಕನ್ನಡ ಕೇಳಿದ್ದೇ ಸ್ಟೂಲ್ ಎಳೆದು ಕೂರಿಸಿದ.

"ಇದೆಂತ ಸಾರ್, ತಾಮ್ರಕ್ಕೆ ಬೆಳ್ಳಿ ಮುಲಾಮಾ? ಆಗ್ತದೆ. ಎರಡು ದಿನ ಬಿಟ್ಟು ಬನ್ನಿ. ಹೊಸ ಮದುಮಗನ ಹಾಗೆ ಮಾಡಿ ಕೊಡ್ತೇನೆ."

ಹೊಳೆಯಬಾರದು, ಹಳೆಯದಾಗಿ ಕಾಣಬೇಕು ಎಂದೆ.

"ಓ, ಮುದುಕ ಬೇಕಾ? ಅದು ಇನ್ನೂ ಸುಲಭ ಮಾರಾಯ್ರೆ. ಬೇಯಿಸಿದ ಮೊಟ್ಟೆ ಒಟ್ಟಿಗೆ ಡಬ್ಬದಲ್ಲಿ ಮುಚ್ಚಿ ಇಟ್ಟರೆ ಕಪ್ಪಾಗ್ತದೆ. ಇಲ್ಲಿ ಟೂರಿಸ್ಟಿಗೆ ಹಳೇ ಖಂಜರ್ ಚೂರಿಯೇ ಬೇಕಲ್ಲ. ಬೆಳಿಗ್ಗೆ ಮಾಡಿದ್ದಕ್ಕೆ ಸಂಜೆಗೆ ನೂರು ವರ್ಷ ಮಾಡಿ ಕೊಡ್ತೇವೆ."

ನನಗೂ ನಗು ಬಂತು. ಚಹಾ ತರಿಸಿದ. ಕುಡಿದೆ.

4 ಸೆಪ್ಟೆಂಬರ್

ತಂದೆ. ಕೆಲಸ ಅಚ್ಚುಕಟ್ಟು. ಮೊದಲಿಗಿಂತ ತುಸು ಹೆಚ್ಚು ಕಪ್ಪು. ಹತ್ತಿಯಲ್ಲಿ ಸುತ್ತಿ ಡಬ್ಬಿಯಲ್ಲಿಟ್ಟೆ. ಹೇಳಿದಾಗ ಮಂಗಳ ಪಾತ್ರೆ ಸ್ವಲ್ಪ ಜೋರಾಗಿ ಇಟ್ಟಳು.

10 ಸೆಪ್ಟೆಂಬರ್, ಶನಿವಾರ

ಬಾಬಿಕರ್ ಬಂದಿದ್ದಾರೆ. ಇಳಿದುಹೋಗಿದ್ದಾರೆ. ನಮಗೆಲ್ಲ ಕರ್ಕದೆ ಹೂ, ಒಣಗಿಸಿದ್ದು, ನಮ್ಮ ಪುಂಡಿ ಹೂವಿನ ಜಾತಿ. ಅಮ್ಮನಿಗೆ ನೈಲ್ ತೀರದ ಕಡಲೆಕಾಯಿ. "ನೀರು ಬಂದ ಮೇಲೂ ಉಳಿದದ್ದು ಇಷ್ಟು ಎಂದು ತಾಯಿಗೆ ಹೇಳು."

ಚಹಾ ಆಯಿತು. ಡಬ್ಬಿ ಕೇಳಿದರು. ಕೊಟ್ಟೆ. ಮೂರನೆಯ ನಾಣ್ಯವನ್ನು ಹತ್ತಿಯಿಂದ ತೆಗೆದರು. ನೋಡಲಿಲ್ಲ, ಮುಷ್ಟಿಯಲ್ಲಿ ಹಿಡಿದುಕೊಂಡರು. ನಂತರ ಹೇಳಿದರು. ನೆನಪಿರುವಾಗಲೇ ಬರೆದುಕೊಳ್ಳುತ್ತೇನೆ.

ಖಲೀಫನ ಟಂಕಸಾಲೆಯಲ್ಲಿ ವರ್ಷ ಹೋದಂತೆ ಬೆಳ್ಳಿ ಕಡಿಮೆಯಾಗುತ್ತ ಬಂತು. ಕೊನೆಕೊನೆಗೆ ತಾಮ್ರದ ಬಿಲ್ಲೆ, ಮೇಲೆ ಬೆಳ್ಳಿಯ ತೊಗಲು ಮಾತ್ರ. ಹೆಸರು ಮಾತ್ರ ಹೊಸ ನಾಣ್ಯ ಎಂದು. ಬಜಾರಿನವರು ತೆಗೆದುಕೊಳ್ಳಲು ಹಿಂಜರಿದರು. ಬೇಡವೆಂದವರಿಗೆ ಶಿಕ್ಷೆ ಎಂದು ಅಪ್ಪಣೆಯಾಯಿತು. ಬಾಬಿಕರ್ ಅವರ ಅಜ್ಜ ಆಗ ಒಮ್ದುರ್ಮಾನಿನ ಪೇಟೆಯಲ್ಲಿ ಬಟ್ಟೆ ಮಾರುತ್ತಿದ್ದ ಯುವಕ. ಒಬ್ಬ ಸಿಪಾಯಿ ಕೊಟ್ಟ ನಾಣ್ಯವನ್ನು ಉಗುರಿನಿಂದ ಕೆರೆದು, ಇದು ತಾಮ್ರ ಎಂದ. ಅಂಗಡಿ ಹೋಯಿತು. ಬಲಗೈ ಹೋಯಿತು.

"ಆ ಸಿಪಾಯಿ ನಾಣ್ಯವನ್ನು ಅವರ ಎದುರು ಎಸೆದು ಹೋದನಂತೆ. ಇದೇ ಅದು. ಅಜ್ಜ ತೀರಿಕೊಂಡಾಗ ನನಗೆ ಎಂಟು ವರ್ಷ. ನನ್ನನ್ನು ತೊಡೆಯ ಮೇಲೆ ಕೂರಿಸಿ ಆ ಮೊಂಡುಗೈಯಿಂದ ಒತ್ತಿ ಹಿಡಿಯುತ್ತಿದ್ದರು. ಎಡಗೈಯಲ್ಲಿ ನಾಣ್ಯ. ಅವರ ಉಗುರಿನ ಗುರುತು ಈಗಲೂ ಇದೆ. ಗೀರಿನಲ್ಲಿ ಕೆಂಪು ಕಾಣುತ್ತದೆ, ಅಂಚಿನ ಹತ್ತಿರ. ನಮ್ಮ ಮನೆಯಲ್ಲಿ ಇದನ್ನು ಯಾರೂ ತೊಳೆದದ್ದಿಲ್ಲ, ಬಾಲಾ. ನನ್ನ ತಾಯಿ ಮನೆಯ ಎಲ್ಲವನ್ನೂ ಬೂದಿ ಹಾಕಿ ಬೆಳಗುತ್ತಿದ್ದಳು. ಇದನ್ನು ಮುಟ್ಟುತ್ತಿರಲಿಲ್ಲ."

ಅಮ್ಮ ಪಕ್ಕದಲ್ಲೇ ಕೂತಿದ್ದರು. ಇಂಗ್ಲಿಷ್ ಗೊತ್ತಿಲ್ಲ. "ಏನಂತೆ?" ಎಂದು ಕೇಳಿದರು. "ಅವರ ಅಜ್ಜನ ಕಥೆ" ಎಂದೆ.

ಖೋಟಾ ಅಲ್ಲ. ಅಸಲಿ ನಾಣ್ಯವೇ ಹಾಗಿತ್ತು.

11 ಸೆಪ್ಟೆಂಬರ್

ಹೇಳಲಿಲ್ಲ. ನಾಳೆ.

15 ಸೆಪ್ಟೆಂಬರ್

ಮೂರನೆಯದರ ಚಿತ್ರ ಮುಗಿಸು ಎಂದು ಡಬ್ಬಿ ಮತ್ತೆ ಕೊಟ್ಟಿದ್ದಾರೆ. ಮುಂದಿನ ತಿಂಗಳು ಇಂಗ್ಲೆಂಡಿನಿಂದ ನಾಣ್ಯಗಳ ವಿದ್ವಾಂಸರೊಬ್ಬರು ಉಪನ್ಯಾಸಕ್ಕೆ ಮಸ್ಕತ್‌ಗೆ ಬರುತ್ತಾರೆ. ಪತ್ರಿಕೆಯ ಕಡೆಯವರೇ. ಚಿತ್ರ, ನಾಣ್ಯ ಎರಡನ್ನೂ ತೋರಿಸಬೇಕು.

ಲೆನ್ಸಿನಡಿ ಇಟ್ಟು ಕೂತೆ. ಅಂಚಿನ ಹತ್ತಿರ ಉಗುರಿನ ಗೀರು ಇದೆ. ಗೀರಿನೊಳಗೆ ಕೆಂಪು ಇಲ್ಲ, ಇಸುಬುವಿನ ಬೆಳ್ಳಿ. ಕಂಡದ್ದನ್ನೇ ಬರೆಯಬೇಕು ಎಂಬುದು ಷರತ್ತು. ಕಂಡದ್ದನ್ನೇ ಬರೆದೆ. ಇಷ್ಟು ವರ್ಷದಲ್ಲಿ ಇಷ್ಟು ಸ್ವಚ್ಛವಾದ ಚಿತ್ರ ಬರೆದಿಲ್ಲ, ಇಷ್ಟು ಸುಳ್ಳಾದದ್ದನ್ನೂ.

6 ಅಕ್ಟೋಬರ್, ಗುರುವಾರ

ಹೋಟೆಲಿನ ಕಾಫಿ ಶಾಪ್. ಬಾಬಿಕರ್ ಮೈಮೇಲೆ ಬಿಳಿ ಜಲ್ಲಾಬಿಯಾ, ಅವರ ನಿಲುವಂಗಿ, ತಲೆಗೆ ದೊಡ್ಡ ರುಮಾಲು. ರುಮಾಲು ಹಬ್ಬಕ್ಕೆ ಮಾತ್ರ ಸುತ್ತುವುದು. ನನ್ನನ್ನೂ ಬರಲೇಬೇಕೆಂದು ಕರೆದುಕೊಂಡು ಹೋದರು. "ಇವರು ನನ್ನ ಚಿತ್ರಕಾರ, ನನ್ನ ಸ್ನೇಹಿತ" ಎಂದು ಪರಿಚಯ.

ಇಂಗ್ಲೆಂಡಿನ ವಿದ್ವಾಂಸರು ಒಳ್ಳೆಯ ಮನುಷ್ಯ. ಚಿತ್ರಗಳನ್ನು ಹೊಗಳಿದರು. ಮೊದಲ ಎರಡು ನಾಣ್ಯ ನೋಡಿ ಖುಷಿಪಟ್ಟರು. ಮೂರನೆಯದನ್ನು ಲೆನ್ಸಿನಡಿ ಹಿಡಿದರು. ತಿರುಗಿಸಿದರು. ಅಜ್ಜನ ಕಥೆಯನ್ನು ಪೂರ್ತಿ ಕೇಳಿದರು. ನಂತರ ಬಹಳ ಮೆತ್ತಗೆ ಹೇಳಿದರು. ಇದಕ್ಕೆ ಕರೆಂಟಿನಿಂದ ಬೆಳ್ಳಿ ಹಿಡಿಸಿದ್ದಾರೆ, ಈಚಿನ ವರ್ಷಗಳಲ್ಲೇ. ಸವೆದ ಮೇಲೆ ಬಿದ್ದ ಗೀರುಗಳ ಒಳಗೂ ಬೆಳ್ಳಿ ಇದೆ. ಹೊಸ ಬೆಳ್ಳಿಯನ್ನು ಮರೆಸಲು ಬೇಕೆಂದೇ ಕಪ್ಪು ಮಾಡಿದ್ದಾರೆ. ಅಸಲಿ ಕೈಯಲ್ಲಿದ್ದವರು ಹೀಗೆ ಮಾಡುವುದಿಲ್ಲ. ಯಾರೋ ನಕಲು ಮಾಡಿ ನಿಮ್ಮನ್ನು ಮೋಸಗೊಳಿಸಿರಬಹುದು. ಲೇಖನದಲ್ಲಿ ಎರಡನ್ನು ಹಾಕೋಣ, ಇದು ಬೇಡ.

ಬಾಬಿಕರ್ ನಾಣ್ಯ ಇಸಿದುಕೊಂಡರು. ಕಿಟಕಿಯ ಕಡೆ ಹೋಗಿ ನಿಂತು ನೋಡಿದರು. ಈಗ ಮೊದಲ ಸಲ ಸರಿಯಾಗಿ ನೋಡುತ್ತಿದ್ದರು. ಅಂಚಿನ ಗೀರನ್ನು ಉಗುರಿನಿಂದ ತಡವಿದರು.

ಆಗ ಹೇಳಬೇಕಿತ್ತು. ಬಾಯಿ ತೆರೆದೆ ಕೂಡ. ವೇಟರ್ ಬಂದು ಇನ್ನೇನಾದರೂ ಬೇಕೇ ಎಂದು ಕೇಳಿದ. ಏನೂ ಬೇಡ ಎಂದೆ. ಅಷ್ಟೇ ಹೊರಟದ್ದು.

ಪರರೆದುರು ಬೇಡ, ಕಾರಿನಲ್ಲಿ ಹೇಳೋಣ ಎಂದುಕೊಂಡೆ. ಕಾರಿನಲ್ಲಿ ಅವರೇ ಮಾತಾಡಿದರು.

"ಎರಡು ವರ್ಷದ ಹಿಂದಿನವರೆಗೂ ನಾಣ್ಯ ಉಸ್ಮಾನನ ಮನೆಯಲ್ಲಿತ್ತು. ಆ ವರ್ಷ ಅವನ ಹೆಂಡತಿಗೆ ಕೈರೋದಲ್ಲಿ ಆಪರೇಶನ್ ಆಯಿತು. ಖರ್ಚಿಗೆ ಹೇಗೆ ಹೊಂದಿಸಿದೆ ಎಂದು ನಾನು ಕೇಳಲಿಲ್ಲ. ಅವನೂ ಹೇಳಲಿಲ್ಲ. ನಾಣ್ಯ ನನ್ನ ಕೈಗೆ ಬಂದಾಗ ಗೀರನ್ನು ನೋಡಲೂ ಇಲ್ಲ, ಚಿಕ್ಕಂದಿನ ನೆನಪನ್ನೇ ನಂಬಿದ್ದೆ."

ಉಸ್ಮಾನ್ ಹಾಗೆ ಮಾಡಿರಲಿಕ್ಕಿಲ್ಲ ಎಂದೆ.

"ನಿನಗೆ ಅವನು ಗೊತ್ತಿಲ್ಲ, ಬಾಲಾ. ನನಗೂ ಗೊತ್ತಿರಲಿಲ್ಲ."

ಹೈವೇಯಲ್ಲಿ ಟ್ರಾಫಿಕ್. ಅಲ್ ಖುವೈರ್ ಸಿಗ್ನಲ್‌ನಲ್ಲಿ ಬಹಳ ಹೊತ್ತು ನಿಂತೆವು. ಬೇಕಾದಷ್ಟು ಸಮಯ ಇತ್ತು.

8 ಅಕ್ಟೋಬರ್, ಶನಿವಾರ

ಆಫೀಸಿನಿಂದ ಬರುವಾಗಲೇ ನಿರ್ಧಾರ ಮಾಡಿಕೊಂಡು ನೇರ ಅವರ ಫ್ಲ್ಯಾಟಿಗೆ ಹೋದೆ. ಬೆಳಿಗ್ಗೆಯೇ ಉಸ್ಮಾನನ ಆಫೀಸಿಗೆ ಫೋನ್ ಮಾಡಿದ್ದರಂತೆ.

"ಅಜ್ಜನ ಕೈಯನ್ನು ಎಷ್ಟಕ್ಕೆ ಮಾರಿದೆ ಎಂದು ಕೇಳಿದೆ. ಮೊದಲು ಅರ್ಥವಾಗದವನ ಹಾಗೆ ಮಾಡಿದ. ಆಮೇಲೆ ಅತ್ತ. ನಾನು ಫೋನ್ ಇಟ್ಟುಬಿಟ್ಟೆ."

ಅತ್ತದ್ದನ್ನೇ ತಪ್ಪೊಪ್ಪಿಗೆ ಎಂದು ತಿಳಿದಿದ್ದಾರೆ. ಇನ್ನು ಅವನ ಹೆಸರು ಈ ಮನೆಯಲ್ಲಿ ಬೇಡ ಎಂದರು.

ನಾನು ತಡವಾಗಿ ಬಂದೆ. ಮೊನ್ನೆ ಹೇಳಿದ್ದರೆ ಒಂದು ನಾಣ್ಯ ಕೆಡಿಸಿದವನಾಗುತ್ತಿದ್ದೆ. ಈಗ ಹೇಳಿದರೆ...

ಚಹಾ ಕುಡಿದು ಬಂದೆ.

9 ಅಕ್ಟೋಬರ್

ಅಮ್ಮ ಹೊರಟರು. ಏರ್‌ಪೋರ್ಟಿನಲ್ಲಿ, "ಆ ಮೇಷ್ಟ್ರಿಗೆ ನಾಣ್ಯದ ವಿಷಯ ಹೇಳಿದ್ಯೇನೋ?" ಎಂದರು. ಹೇಳಿದೆ ಎಂದೆ.

"ಬೈದ್ರಾ?"

"ಇಲ್ಲ."

"ದೊಡ್ಡ ಮನುಷ್ಯರು," ಎಂದರು ಅಮ್ಮ.

2 ಡಿಸೆಂಬರ್, ಶುಕ್ರವಾರ

ಬರೆಯದೆ ಎರಡು ತಿಂಗಳಾಗುತ್ತ ಬಂತು. ಬರೆಯಲು ಇರಲಿಲ್ಲ ಎಂದಲ್ಲ.

ಬಾಬಿಕರ್ ಜೊತೆ ಶುಕ್ರವಾರದ ವಾಕಿಂಗ್ ನಿಂತಿಲ್ಲ. ಅವರು ಎಂದಿನ ಹಾಗೇ ಇದ್ದಾರೆ, ತಮಾಷೆ ಮಾತ್ರ ಇಲ್ಲ. ಲೇಖನ ಕಳಿಸಲೇ ಇಲ್ಲ. ಎರಡು ನಾಣ್ಯದ ಬಗ್ಗೆ ಯಾರು ಬೇಕಾದರೂ ಬರೆಯಬಹುದು ಎಂದರು. ಮೂರನೆಯದನ್ನು ಮೇಜು ಕುಂಟದ ಹಾಗೆ ಅದರ ಕಾಲಡಿ ಇಟ್ಟಿದ್ದಾರೆ. ಕೂತಾಗ ನನ್ನ ಕಣ್ಣು ಅಲ್ಲಿಗೇ.

ಉಸ್ಮಾನನಿಂದ ಬಂದ ಕಾಗದಗಳು ಫ್ರಿಜ್ಜಿನ ಮೇಲೆ ಹಾಗೇ ಇವೆ, ಒಡೆದಿಲ್ಲ. ಅವನ ಕುಟುಂಬ ಇನ್ನೂ ಡೇರೆಯಲ್ಲಿ ಎಂದು ಜೊತೆಯ ಮೇಷ್ಟ್ರು ಹೇಳಿದರು, ಬಾಬಿಕರ್ ಕೇಳಿಸಿಕೊಳ್ಳದ ಹಾಗೆ.

ಮಂಗಳ ಈಗ ಈ ವಿಷಯ ಎತ್ತುವುದಿಲ್ಲ. ಅದು ಇನ್ನೂ ಕಷ್ಟ.

20 ಜನವರಿ 1989, ಶುಕ್ರವಾರ

ಹೊಸ ಅನುವಾದ ಓದುತ್ತಿದ್ದೇನೆ, ಹಂಗೇರಿಯದು. ಒಬ್ಬ ತಪ್ಪು ಮಾಡಿದವನು ಕೊನೆಯ ಅಧ್ಯಾಯದಲ್ಲಿ ಎಲ್ಲ ಹೇಳಿಬಿಡುತ್ತಾನೆ. ಮೂರು ಪುಟದ ಮಾತು, ತಡವರಿಕೆಯಿಲ್ಲ. ಕೇಳಿದವಳು ಕಿಟಕಿ ತೆರೆಯುತ್ತಾಳೆ, ಹಿಮ ಬೀಳುತ್ತಿರುತ್ತದೆ. ಮುಚ್ಚಿಟ್ಟೆ. ಇಂಥವನ್ನು ಎಷ್ಟು ಓದಿದ್ದೇನೆ. ಒಂದೂ ಉಪಯೋಗಕ್ಕೆ ಬರಲಿಲ್ಲ.

3 ಫೆಬ್ರವರಿ, ಶುಕ್ರವಾರ

ವಾಕಿಂಗ್‌ನಲ್ಲಿ ಬಾಬಿಕರ್ ತಾವಾಗಿಯೇ ಹೇಳಿದರು. ಉಸ್ಮಾನನ ಮಗಳ ಮದುವೆ, ಮಾರ್ಚಿನಲ್ಲಿ. ಸೋದರತ್ತೆಯೊಬ್ಬರು ಹೇಳಿಕಳಿಸಿದ್ದಾರೆ. ಹುಡುಗಿಯ ಕಡೆಯಿಂದ ದೊಡ್ಡಪ್ಪ ಕೂತು ವರನ ಕಡೆಯವರ ಕೈ ಹಿಡಿದು ಒಪ್ಪಿಗೆ ಹೇಳುವುದು ಇವರ ಮನೆಯ ಪದ್ಧತಿ. ಉಸ್ಮಾನ್ ಇವರಿಗಾಗಿ ದಿನ ಮುಂದೂಡಿದ್ದಾನಂತೆ, ಎರಡು ಸಲ.

"ಮೂರನೆಯ ಸಲ ಮುಂದೂಡುವುದು ಬೇಡ ಎಂದು ಹೇಳಿಕಳಿಸಿದೆ. ಆ ಮನೆಯ ಪರವಾಗಿ ನಾನು ಯಾರ ಕೈ ಹಿಡಿಯಲಿ?"

ಮನೆಗೆ ಬಂದು ಮಂಗಳಳಿಗೆ ಹೇಳಿದೆ. ಅವಳು ಇಸ್ತ್ರಿ ಮಾಡುತ್ತಿದ್ದಳು.

"ಆ ಹುಡುಗಿ ಹೆಸರೇನು?"

ಗೊತ್ತಿಲ್ಲ ಎಂದೆ.

"ಕೇಳಿ ತಿಳ್ಕೊಳ್ಳಿ. ಇಷ್ಟೆಲ್ಲ ಮಾಡಿದ ಮೇಲೆ ಹೆಸರಾದರೂ ಗೊತ್ತಿರಲಿ."

ಅವಳು ನನಗೆ ಇಷ್ಟು ಒರಟಾಗಿ ಮಾತಾಡಿದ್ದು ಇದೇ ಮೊದಲು. ಅಂಗಿಯ ತೋಳನ್ನು ಎರಡು ಸಲ ತೀಡಿದಳು.

8 ಫೆಬ್ರವರಿ

ಹುಡುಗಿಯ ಹೆಸರು ಇಖ್ಲಾಸ್. ಜೊತೆಯ ಮೇಷ್ಟ್ರನ್ನು ಕೇಳಿದೆ. ನರ್ಸಿಂಗ್ ಓದಿದ್ದಾಳೆ. ಡೇರೆಯಿಂದಲೇ ಪರೀಕ್ಷೆ ಬರೆದಳಂತೆ.

ನಾಳೆ ಅರ್ಧ ದಿನ ಆಫೀಸು.

9 ಫೆಬ್ರವರಿ, ಗುರುವಾರ

ಹೋದೆ. ಉಳಿದಿಬ್ಬರು ಮೇಷ್ಟ್ರುಗಳು ನಿಜ್ವಾಕ್ಕೆ ಹೋಗಿದ್ದರು. ಬಾಬಿಕರ್ ಒಬ್ಬರೇ, ಪರೀಕ್ಷೆಯ ಪೇಪರ್ ತಿದ್ದುತ್ತಿದ್ದರು. ಕೂತುಕೊಳ್ಳದೆ ಹೇಳಿದೆ. ಕೂತರೆ ಚಹಾ ಬರುತ್ತದೆ, ಚಹಾ ಬಂದರೆ ಮಾತು ಬೇರೆಡೆಗೆ ಹೋಗುತ್ತದೆ.

ಹಬ್ಬ, ಕಳಶ, ಹುಣಸೆಹುಳಿ, ವಿಭೂತಿ. ಮತ್ರಾದ ಅಂಗಡಿ. ಮೊಟ್ಟೆಯ ವಿಷಯವನ್ನೂ ಬಿಡಲಿಲ್ಲ. ಇಂಗ್ಲಿಷಿನಲ್ಲಿ ಹೇಳುವಾಗ ಎಲ್ಲ ಬೇರೆ ಯಾರದೋ ಕಥೆಯಂತೆ ಕೇಳಿಸಿತು. ಕಳಶ ಎಂದರೆ ಏನೆಂದು ಮಧ್ಯೆ ನಿಲ್ಲಿಸಿ ಹೇಳಬೇಕಾಯಿತು. ಅವರು ಕೆಂಪು ಪೆನ್ನಿನ ಮುಚ್ಚಳ ಹಾಕಿದರು. ಪೂರ್ತಿ ಕೇಳಿದರು. ನಂತರ ಬಗ್ಗಿ, ಮೇಜಿನ ಕಾಲಡಿಯಿಂದ ನಾಣ್ಯ ತೆಗೆದು ಜಲ್ಲಾಬಿಯಾದ ತುದಿಯಿಂದ ಒರೆಸಿದರು. ಮೇಜು ಒಂದು ಕಡೆ ವಾಲಿತು. ಪೇಪರುಗಳು ಜಾರಿದವು. ಇಬ್ಬರೂ ಹಿಡಿಯಲಿಲ್ಲ.

"ನಿನ್ನ ತಾಯಿ ದೇವರಿಗೆ ಇಡಲು ತೊಳೆದರು. ಅದರಲ್ಲಿ ತಪ್ಪಿಲ್ಲ. ನನಗೆ ನೋವಾಗಬಾರದೆಂದು ನೀನು ಬೆಳ್ಳಿ ಹಾಕಿಸಿದೆ. ಅದು ಮೂರ್ಖತನ, ಆದರೆ ಅದೂ ಇರಲಿ." ನಾಣ್ಯವನ್ನು ಪೆನ್ನಿನ ಪಕ್ಕ ಇಟ್ಟರು. "ಹೋಟೆಲಿನಲ್ಲಿ ಆ ಇಂಗ್ಲೆಂಡಿನವರು ಮಾತಾಡುವಾಗ ನಿನಗೆ ಗೊತ್ತಿತ್ತೇ?"

"ಗೊತ್ತಿತ್ತು."

"ಕಾರಿನಲ್ಲಿ ನಾನು ಉಸ್ಮಾನನ ಹೆಸರು ಹೇಳಿದಾಗ?"

"ಗೊತ್ತಿತ್ತು."

ತಲೆ ಆಡಿಸಿದರು, ಹುಡುಗರ ಉತ್ತರ ಕೇಳುವ ಮೇಷ್ಟ್ರ ಹಾಗೆ. ಬೈಯಲಿಲ್ಲ. ಬೈದಿದ್ದರೆ ಮನೆಗೆ ಬಂದು ಮಲಗಬಹುದಿತ್ತು.

ಎದ್ದು ಫೋನಿನ ಹತ್ತಿರ ಹೋದರು. ಖಾರ್ತೂಮಿನ ಲೈನ್ ಸುಲಭಕ್ಕೆ ಸಿಗುವುದಿಲ್ಲ. ತಿರುಗಿಸುವುದು, ಕೇಳುವುದು, ಇಡುವುದು. ನಾನು ನೆಲದ ಮೇಲಿನ ಪೇಪರುಗಳನ್ನು ಆಯ್ದೆ. ಎಲ್ಲವೂ ಅರಬ್ಬಿ, ಯಾವುದು ಮೊದಲು, ಯಾವುದು ನಂತರ ಎಂದು ತಿಳಿಯದೆ ಒಂದರ ಮೇಲೊಂದು ಇಟ್ಟೆ.

ಕೊನೆಗೆ ಲೈನ್ ಸಿಕ್ಕಿತು. ಗೂಡ್ಸ್ ಆಫೀಸಿನಲ್ಲಿ ಯಾರೋ ಎತ್ತಿದರು. ಬಾಬಿಕರ್ ತಮ್ಮನ ಹೆಸರು ಹೇಳಿದರು, ತಮ್ಮ ಹೆಸರು ಹೇಳಿದರು, ಕಾದರು. ಆ ಕಡೆ ಹೆಜ್ಜೆ ಸದ್ದಾದಾಗ ರಿಸೀವರನ್ನು ನನ್ನ ಕೈಗೆ ಕೊಟ್ಟರು.

"ಅವನಿಗೆ ಇಂಗ್ಲಿಷ್ ಬರುತ್ತದೆ. ನೀನೇ ಹೇಳು."

ಹೋಗಿ ಎದುರಿನ ಕುರ್ಚಿಯಲ್ಲಿ ಕೂತರು.

"ಬಾಬಿಕರ್? ಯಾ ಅಖೂಯ್? ಬಾಬಿಕರ್?"

ಓಡಿ ಬಂದವನ ದನಿ, ಏದುಸಿರು. ಅಣ್ಣಾ, ಅಣ್ಣಾ ಎಂದು ಕರೆಯುತ್ತಿದ್ದ. ನಗುತ್ತಿದ್ದ. ಹಿಂದೆ ತಿರುಗಿ ಆಫೀಸಿನವರಿಗೆ ಏನೋ ಕೂಗಿ ಹೇಳಿದ, ಅವರೂ ಸಂತೋಷದ ಸದ್ದು ಮಾಡಿದರು.

ನಾನು ಬಾಬಿಕರ್ ಅಲ್ಲ ಎಂದೆ.

ನಗು ನಿಂತಿತು. ಆಮೇಲೆ ಬಹಳ ಸಣ್ಣ ದನಿಯಲ್ಲಿ, ಇಂಗ್ಲಿಷಿನಲ್ಲಿ, "ನನ್ನ ಅಣ್ಣನಿಗೆ ಏನಾಯಿತು?"

ಏನೂ ಆಗಿಲ್ಲ, ಚೆನ್ನಾಗಿದ್ದಾರೆ, ನನ್ನ ಎದುರೇ ಕೂತಿದ್ದಾರೆ ಎಂದೆ. ಹಾಗಾದರೆ ನೀವು ಯಾರು ಎಂದು ಕೇಳಿದ. ಸ್ನೇಹಿತ ಎಂದೆ. ಬೇರೆ ಶಬ್ದ ಹೊಳೆಯಲಿಲ್ಲ. ಬಾಬಿಕರ್ ತಲೆ ಎತ್ತಿ ನನ್ನನ್ನು ನೋಡಿದರು. ಆಮೇಲೆ ನಾನು ಉಸ್ಮಾನನಿಗೆ ಹೇಳಿದೆ: ನಾಣ್ಯವನ್ನು ನೀವು ಮಾರಿಲ್ಲ, ಅದಕ್ಕೆ ಬೆಳ್ಳಿ ಹಾಕಿಸಿದವನು ನಾನು.